ಹೇಳಿಕೊಟ್ಟ ಮಾತು ಕಟಕಟೆಯಲ್ಲಿ ನಿಲ್ಲದು
ಜಮೀನಿನ ದಾವೆಗಳಲ್ಲಿ ಸಾಕ್ಷಿ ಹೇಳುವವರೂ ಹೇಳಿಸುವವರೂ ತಿಳಿದಿರಬೇಕಾದ ಸಂಗತಿಗಳು



‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಲ್ಲಿಯ ತನಕ?’ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬುತ್ತಿ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಹೇಳಿಕೊಟ್ಟ ಮಾತು ಎದುರು ಪಕ್ಷದ ವಕೀಲರ ಮೂರನೆಯ ಪ್ರಶ್ನೆಗೇ ಮುಗಿಯುತ್ತದೆ.

ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಬಂಡಿ ದಾರಿ, ಬಾವಿ ನೀರಿನ ಸರದಿ, ಇವುಗಳಲ್ಲಿ ಯಾವುದಾದರೊಂದರಿಂದ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಹಾಗೆ ಹತ್ತಿ ಸೋತು ಬಂದವರಲ್ಲಿ ಕೆಲವರು ‘ಸತ್ಯ ನಮ್ಮ ಕಡೆಗೇ ಇತ್ತು, ಆದರೂ ಸೋತೆವು’ ಎನ್ನುತ್ತಾರೆ. ಅವರ ಮಾತು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ನ್ಯಾಯಾಧೀಶರು ನಿಮ್ಮ ಹೊಲವನ್ನು ನೋಡಿದವರಲ್ಲ. ನಿಮ್ಮ ತಂದೆ ಉತ್ತದ್ದನ್ನೂ ಬಿತ್ತಿದ್ದನ್ನೂ ಕಂಡವರಲ್ಲ. ಎದುರಿಗಿರುವ ಕಾಗದ ಮತ್ತು ಕಟಕಟೆಯಲ್ಲಿ ನಿಂತವರ ಮಾತು, ಈ ಎರಡರಿಂದಲೇ ಅವರು ನಿಜವನ್ನು ಅರಿಯಬೇಕು. ಕಾಗದದ ವಿಷಯದಲ್ಲಿ ನಮ್ಮ ರೈತರು ಈಗ ಎಚ್ಚತ್ತಿದ್ದಾರೆ. ಸಾಕ್ಷಿಯ ವಿಷಯದಲ್ಲಿ ಮಾತ್ರ ಇನ್ನೂ ‘ಯಾರನ್ನಾದರೂ ಕರೆದುಕೊಂಡು ಹೋದರಾಯಿತು, ವಕೀಲರು ಹೇಳಿಕೊಡುತ್ತಾರೆ’ ಎಂಬ ಉದಾಸೀನ ಹೋಗಿಲ್ಲ.

ಈ ಉದಾಸೀನದ ಬೆಲೆ ಎಷ್ಟೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಊರು, ಹೆಸರು ಬೇಡ. ಇಂಥದು ಯಾವ ತಾಲ್ಲೂಕಿನಲ್ಲಾದರೂ ನಡೆಯಬಹುದು.

ಒಂದು ಬಂಡಿ ದಾರಿಯ ದಾವೆ

ಒಬ್ಬ ರೈತರಿಗೆ ಊರಿನಿಂದ ದೂರದಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನು. ಅಲ್ಲಿಗೆ ಹೋಗಲು ಪಕ್ಕದವರ ಹೊಲದ ಅಂಚಿನಲ್ಲಿ ಬಂಡಿ ದಾರಿ. ತಂದೆಯ ಕಾಲದಿಂದ ಓಡಾಡಿದ ದಾರಿ ಅದು. ಪಕ್ಕದ ಹೊಲದ ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳು ದಾರಿಗೆ ಮುಳ್ಳು ಹಾಕಿದರು. ಸುಗ್ಗಿಯ ಪೈರು ಹೊಲದಲ್ಲೇ ನಿಂತಿತು. ದಾವೆ ಹೂಡಬೇಕಾಯಿತು.

ದಾರಿಯಂತಹ ಅನುಭೋಗದ ಹಕ್ಕು ಬಳಕೆಯಿಂದ ಬರಬೇಕಾದರೆ 20 ವರ್ಷಗಳ ಬಳಕೆ ಇರಬೇಕು. ಆ ಬಳಕೆ ಬಹಿರಂಗವಾಗಿ, ಶಾಂತಿಯಿಂದ, ಅಡೆತಡೆಯಿಲ್ಲದೆ, ತನ್ನ ಹಕ್ಕೆಂದು ನಡೆದಿರಬೇಕು. ಆ 20 ವರ್ಷ ದಾವೆ ಹೂಡುವುದಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ಮಾಲೀಕರ ಅಪ್ಪಣೆ ಬೇಡಿ ಓಡಾಡಿದ್ದರೆ ಅದು ಹಕ್ಕಾಗುವುದಿಲ್ಲ.

ಈ ರೈತರ ಪರವಾಗಿ ಮೂವರು ಸಾಕ್ಷಿಗಳು. ಮೂವರ ಪ್ರಮಾಣಪತ್ರದಲ್ಲೂ ಒಂದೇ ವಾಕ್ಯ: ‘ಸದರಿ 10 ಅಡಿ ಅಗಲದ ದಾರಿಯನ್ನು ವಾದಿಯು 20 ವರ್ಷಗಳಿಗೂ ಮೇಲ್ಪಟ್ಟು ಶಾಂತಿಯುತವಾಗಿ, ಯಾರ ಅಡೆತಡೆಯೂ ಇಲ್ಲದೆ ಉಪಯೋಗಿಸುತ್ತಿರುವುದನ್ನು ನಾನು ಖುದ್ದಾಗಿ ಬಲ್ಲೆ.’ ಕೇಳಲು ಗಟ್ಟಿಯಾಗಿದೆ. ಪಾಟೀಸವಾಲಿನಲ್ಲಿ ಆದದ್ದು ಹೀಗೆ.

ಮೊದಲನೆಯವರಿಗೆ:
‘ದಾರಿ ಎಷ್ಟು ಅಗಲ?’
‘ಹತ್ತು ಅಡಿ, ಸ್ವಾಮಿ.’
‘ಯಾವಾಗ ಅಳೆದಿರಿ?’
‘ಅಳೆದಿಲ್ಲ.’
‘ಮತ್ತೆ ಹತ್ತು ಅಡಿ ಎಂದು ಹೇಗೆ ಗೊತ್ತು?’
‘ಕಾಗದದಲ್ಲಿ ಬರೆದಿದೆಯಲ್ಲ.’

ಎರಡನೆಯವರನ್ನು ಕೇಳಿದ್ದು ಒಂದೇ ಪ್ರಶ್ನೆ. ‘ನೀವು ಈ ಊರಿಗೆ ಬಂದು ಎಷ್ಟು ವರ್ಷ?’ ಅವರು ಮನೆಯಳಿಯನಾಗಿ ಬಂದವರು. ಬಂದು ಹನ್ನೆರಡು ವರ್ಷ. 20 ವರ್ಷದ ದಾರಿಯನ್ನು ಅವರು ಖುದ್ದಾಗಿ ಬಲ್ಲುದು ಹೇಗೆ?

ಮೂರನೆಯವರು ನಿಜವಾಗಿ ಬಲ್ಲವರು. ‘ಗಾಡಿ ಹೊಡೆಯುವ ಮುನ್ನ ವಾದಿಯ ತಂದೆ ಪ್ರತಿವಾದಿಯ ತಂದೆಗೆ ಹೇಳಿ, ಒಪ್ಪಿಗೆ ಪಡೆದು ಹೋಗುತ್ತಿದ್ದರು ಎಂದರೆ ಸರಿಯೇ?’ ಎಂದು ವಕೀಲರು ಕೇಳಿದಾಗ, ಊರಿನಲ್ಲಿ ಮಾತು ಕೇಳಿಸಿಕೊಳ್ಳುವ ಅಭ್ಯಾಸದಂತೆ ಅವರು ‘ಹೂಂ’ ಎಂದರು. ದಾಖಲೆಯಲ್ಲಿ ‘ಸರಿ’ ಎಂದು ಬಿತ್ತು. ನಿಜದಲ್ಲಿ ಆ ಹಿರಿಯರು ಹೇಳಿ ಹೋಗುತ್ತಿದ್ದರು, ಕೇಳಿ ಹೋಗುತ್ತಿರಲಿಲ್ಲ. ದಾರಿಗೆ ಅಡ್ಡ ಕಟ್ಟಿದ ದನ ಬಿಚ್ಚಲಿ ಎಂದು ಹೇಳುತ್ತಿದ್ದರು. ಹೇಳುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸ ಈ ದಾವೆಯಲ್ಲಿ ಎರಡೂಕಾಲು ಎಕರೆಯ ದಾರಿಯಷ್ಟು.

ಇನ್ನೊಬ್ಬ ಅಜ್ಜ ಇದ್ದರು. ವಾದಿಯ ಮನೆಯಲ್ಲಿ ಮೂವತ್ತು ವರ್ಷ ಗಾಡಿ ಹೊಡೆದವರು. ‘ಅಜ್ಜನಿಗೆ ಓದುಬರಹ ಇಲ್ಲ, ಅಡಿ ಗಜ ತಿಳಿಯದು, ಕೋರ್ಟಿನಲ್ಲಿ ತಡವರಿಸುತ್ತಾರೆ’ ಎಂದು ಅವರನ್ನು ಕರೆಯಲೇ ಇಲ್ಲ. ಕರೆದಿದ್ದರೆ ಅವರು ಹೇಳುತ್ತಿದ್ದುದು ಇಷ್ಟು: ‘ಅಡಿ ಲೆಕ್ಕ ನನಗೆ ಗೊತ್ತಿಲ್ಲ ಸ್ವಾಮಿ. ಎದುರು ಗಾಡಿ ಬಂದರೆ ಹುಣಸೆ ಮರದ ಹತ್ತಿರ ಒಂದು ನಿಲ್ಲಬೇಕಾಗಿತ್ತು. ದನ ಕಟ್ಟಿದ್ದರೆ ಬಿಚ್ಚಿರಪ್ಪಾ ಗಾಡಿ ಬರ್ತದೆ ಅಂತ ಕೂಗುತ್ತಿದ್ದೆ. ಯಾರೂ ಬೇಡ ಅಂದದ್ದಿಲ್ಲ.’

ಈ ನಾಲ್ಕು ಮಾತಿನಲ್ಲಿ ದಾರಿಯ ಅಗಲವೂ ಇದೆ, ಬಹಿರಂಗವಾದ ಬಳಕೆಯೂ ಇದೆ, ಹಕ್ಕೂ ಇದೆ. ಯಾರೂ ಹೇಳಿಕೊಡದ ಮಾತಾದ್ದರಿಂದ ಎಷ್ಟು ಕೆದಕಿದರೂ ಅದು ಬದಲಾಗುವುದಿಲ್ಲ.

ಎಷ್ಟು ಜನ ಎಂಬುದಲ್ಲ, ಯಾರು ಎಂಬುದು ಮುಖ್ಯ

ಒಂದು ಸಂಗತಿಯನ್ನು ರುಜುವಾತು ಮಾಡಲು ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಕಾನೂನು ಹೇಳುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿಯೂ ಹೀಗೆಯೇ ಇತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿಯೂ ಹೀಗೆಯೇ ಇದೆ. ಆ ದಿನಕ್ಕೆ ಮೊದಲೇ ನಡೆಯುತ್ತಿದ್ದ ದಾವೆಗಳಿಗೆ ಹಳೆಯ ಅಧಿನಿಯಮವೇ ಅನ್ವಯಿಸುತ್ತದೆ. ಸಿವಿಲ್ ದಾವೆಯಲ್ಲಿ ನ್ಯಾಯಾಧೀಶರು ತೂಗಿ ನೋಡುವುದು ಯಾರ ಮಾತು ಹೆಚ್ಚು ಸಂಭವನೀಯ ಎಂಬುದನ್ನು. ತಕ್ಕಡಿಯಲ್ಲಿ ಒಂದು ಗಟ್ಟಿ ಕಾಳು ಒಂದು ಹಿಡಿ ಜೊಳ್ಳಿಗಿಂತ ಹೆಚ್ಚು ತೂಗುತ್ತದೆ.

ಸಾಕ್ಷಿಯನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವರು ಕಣ್ಣಾರೆ ಕಂಡದ್ದೇನು? ಕಂಡದ್ದನ್ನು ಕಂಡವರೇ ಹೇಳಬೇಕು, ಕೇಳಿದ್ದನ್ನು ಕೇಳಿದವರೇ ಹೇಳಬೇಕೆಂಬುದು ಕಾನೂನಿನ ನಿಯಮ. ‘ಊರಿನವರೆಲ್ಲ ಹೇಳುತ್ತಾರೆ’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಹೊಲದ ಸ್ವಾಧೀನದ ಪ್ರಶ್ನೆಯಾದರೆ ಅಕ್ಕಪಕ್ಕದ ಹೊಲದವರು, ಉತ್ತವರು, ಕಳೆ ತೆಗೆದ ಆಳುಗಳು ನಿಜವಾದ ಸಾಕ್ಷಿಗಳು. ಊರಿನ ದೊಡ್ಡ ಮನುಷ್ಯರಾದರೂ ಆ ಹೊಲದ ಕಡೆ ಕಾಲಿಡದವರಿಂದ ಪ್ರಯೋಜನವಿಲ್ಲ.

‘ನೆಂಟರು ಸಾಕ್ಷಿಯಾಗಬಾರದು’ ಎಂಬುದೂ ತಪ್ಪು ತಿಳಿವಳಿಕೆ. ಸಂಬಂಧಿಕರ ಸಾಕ್ಷ್ಯವನ್ನು ಹೆಚ್ಚು ಎಚ್ಚರದಿಂದ ನೋಡುತ್ತಾರೆ, ಅಷ್ಟೇ. ಪಾಲಿನ ದಾವೆಯಲ್ಲಿ ಮನೆತನದ ವಿಷಯ ಬಲ್ಲವರು ಮನೆತನದ ಹಿರಿಯರೇ ಅಲ್ಲವೆ? ಸೋದರತ್ತೆ, ದೊಡ್ಡಮ್ಮ ಮೊದಲಾದ ಹೆಂಗಸರನ್ನು ನಮ್ಮವರು ಸಾಕ್ಷಿಗೆ ಕರೆಯಲು ಹಿಂಜರಿಯುತ್ತಾರೆ. ಯಾವ ಮಗ ಯಾವ ವರ್ಷ ಬೇರೆ ಒಲೆ ಹೂಡಿದ ಎಂಬುದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ.

ದಾವೆ ನಿಮ್ಮದಾದರೆ ಮೊದಲ ಸಾಕ್ಷಿ ನೀವೇ. ಪಕ್ಷಗಾರನು ತಾನು ಸಾಕ್ಷಿ ಹೇಳುವುದಾದರೆ ಸಾಮಾನ್ಯವಾಗಿ ತನ್ನ ಉಳಿದ ಸಾಕ್ಷಿಗಳಿಗಿಂತ ಮೊದಲೇ ಹೇಳಬೇಕು. ‘ನನಗೆ ಕೋರ್ಟೆಂದರೆ ಭಯ’ ಎಂದು ದೂರ ಉಳಿದರೆ ಅದೇ ನಿಮಗೆ ಮುಳುವಾದೀತು. ಪಕ್ಷಗಾರನೇ ಕಟಕಟೆ ಹತ್ತಿ ಪಾಟೀಸವಾಲಿಗೆ ಒಳಗಾಗದಿದ್ದರೆ ಅವನ ವಾದ ಸರಿಯಲ್ಲವೆಂದು ಊಹಿಸಲು ಎಡೆಯಾಗುತ್ತದೆ ಎಂದು ಸುಪ್ರೀಂ ಕೋರ್ಟು 1999ರಲ್ಲಿ ವಿದ್ಯಾಧರ್ ವಿರುದ್ಧ ಮಾಣಿಕರಾವ್ ಪ್ರಕರಣದಲ್ಲಿ ಹೇಳಿತು. ಮಗನಿಗೆ ಅಧಿಕಾರಪತ್ರ ಬರೆದುಕೊಟ್ಟು ‘ನನ್ನ ಬದಲು ನೀನೇ ಹೇಳು’ ಎಂದರೂ ಆಗದು. ಅಧಿಕಾರಪತ್ರ ಪಡೆದವನು ತಾನು ಮಾಡಿದ, ತಾನು ಕಂಡ ಸಂಗತಿಯನ್ನು ಹೇಳಬಹುದು. ಯಜಮಾನನಿಗೆ ಮಾತ್ರ ಗೊತ್ತಿರುವುದನ್ನು ಅವನ ಬದಲಾಗಿ ಹೇಳಲು ಬಾರದೆಂದು ಅದೇ ನ್ಯಾಯಾಲಯ 2004ರಲ್ಲಿ ಜಾನಕಿ ವಾಶದೇವ್ ಭೋಜವಾನಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ಕಾಗದಪತ್ರ ಓಡಾಡಿಸಲಿ. 1985ರಲ್ಲಿ ಹೊಲ ಕೊಂಡವರು ನೀವಾದರೆ ಅದನ್ನು ನೀವೇ ಹೇಳಬೇಕು.

ಪಟ್ಟಿ ಮತ್ತು ಸಮನ್ಸು

ನ್ಯಾಯಾಲಯವು ವಿವಾದಾಂಶಗಳನ್ನು ರಚಿಸಿದ ಮೇಲೆ 15 ದಿನಗಳೊಳಗೆ ಸಾಕ್ಷಿಗಳ ಪಟ್ಟಿಯನ್ನು ಸಲ್ಲಿಸಬೇಕು. ‘ವಕೀಲರು ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿರಬೇಡಿ. ಹೆಸರು, ವಿಳಾಸ ಬರೆದು ನೀವೇ ಅವರಿಗೆ ತಲುಪಿಸಿ. ಹೆಸರು ಬಿಟ್ಟುಹೋದರೆ ಆಮೇಲೆ ಕಾರಣ ತೋರಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ.

ತಾವಾಗಿ ಬರಲು ಒಪ್ಪದವರಿಗೆ ನ್ಯಾಯಾಲಯದಿಂದ ಸಮನ್ಸು ಕಳಿಸಬಹುದು. ಅವರ ಪ್ರಯಾಣ ವೆಚ್ಚ ಮತ್ತು ಭತ್ಯೆಯನ್ನು ಕರೆಸುವವರು ಕಟ್ಟಬೇಕು. ಗ್ರಾಮ ಆಡಳಿತ ಅಧಿಕಾರಿ, ಸರ್ವೇಯರ್ ಮೊದಲಾದವರನ್ನು ದಾಖಲೆ ಸಹಿತ ಹೀಗೆ ಕರೆಸುವುದುಂಟು. ಸಮನ್ಸು ಬಂದವರು ಅದನ್ನು ತಾತ್ಸಾರ ಮಾಡಬಾರದು. ಕಾರಣವಿಲ್ಲದೆ ಗೈರುಹಾಜರಾದರೆ ವಾರಂಟು, ದಂಡ, ಆಸ್ತಿ ಜಪ್ತಿಯವರೆಗೂ ಹೋಗಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಸಾಕ್ಷಿ ತೀರ ವಯಸ್ಸಾದವರೋ, ಕಾಯಿಲೆಯವರೋ ಆಗಿದ್ದರೆ ಸರದಿಗಾಗಿ ವರ್ಷಗಟ್ಟಲೆ ಕಾಯುವುದು ಬೇಡ. ದಾವೆ ಹೂಡಿದ ಮೇಲೆ ಯಾವ ಹಂತದಲ್ಲಾದರೂ, ಸಾಕಷ್ಟು ಕಾರಣವಿದ್ದರೆ, ಅವರ ಸಾಕ್ಷ್ಯವನ್ನು ಕೂಡಲೇ ದಾಖಲಿಸಬೇಕೆಂದು ಅರ್ಜಿ ಹಾಕಲು ಅವಕಾಶವಿದೆ. ಹಾಸಿಗೆ ಹಿಡಿದವರಾದರೆ ನ್ಯಾಯಾಲಯ ಕಮಿಷನರನ್ನು ನೇಮಿಸಿ ಮನೆಗೇ ಕಳಿಸಬಹುದು. ಈ ಅವಕಾಶ ತಿಳಿಯದೆ, ಸತ್ಯ ಬಲ್ಲ ಒಬ್ಬರೇ ಒಬ್ಬ ಹಿರಿಯರನ್ನು ಕಳೆದುಕೊಂಡು ಕೈಚೆಲ್ಲಿ ಕೂತವರುಂಟು. ನಿಮ್ಮ ದಾವೆಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ ಈ ವಾರವೇ ವಕೀಲರಿಗೆ ತಿಳಿಸಿ.

ಸಹಿ ಹಾಕುವ ಮುನ್ನ

ಹಿಂದೆ ಸಾಕ್ಷಿಯ ಮುಖ್ಯ ವಿಚಾರಣೆ ಕಟಕಟೆಯಲ್ಲೇ ನಡೆಯುತ್ತಿತ್ತು. ತಮ್ಮ ವಕೀಲರು ಕೇಳಿದ್ದಕ್ಕೆ ಸಾಕ್ಷಿ ತನ್ನ ಮಾತಿನಲ್ಲಿ ಉತ್ತರಿಸುತ್ತಿದ್ದನು. ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ ಆಗುತ್ತದೆ. ಬರೆದು, ಸಹಿ ಮಾಡಿ, ಪ್ರತಿಯನ್ನು ಎದುರು ಪಕ್ಷಕ್ಕೆ ಕೊಡಬೇಕು. ಪಾಟೀಸವಾಲು ಮಾತ್ರ ಬಾಯಿಮಾತಿನಲ್ಲಿ ನಡೆಯುತ್ತದೆ. ಸಮನ್ಸಿನ ಮೇಲೆ ಬಂದು, ಪ್ರಮಾಣಪತ್ರ ಕೊಡಲು ಒಪ್ಪದವರನ್ನು ಕಟಕಟೆಯಲ್ಲೇ ವಿಚಾರಿಸಬಹುದು.

ಇದರಿಂದ ಕಾಲ ಉಳಿಯಿತು, ಆದರೆ ಒಂದು ಅಪಾಯವೂ ಬಂದು ಸೇರಿತು. ಪ್ರಮಾಣಪತ್ರದ ಭಾಷೆ ವಕೀಲರದು, ಸಹಿ ಸಾಕ್ಷಿಯದು. ಅದರಲ್ಲಿರುವ ಒಂದೊಂದು ಅಕ್ಷರಕ್ಕೂ ಹೊಣೆ ಸಹಿ ಹಾಕಿದವರೇ. ಪಾಟೀಸವಾಲಿನಲ್ಲಿ ಬರುವ ಮೊದಲ ಬಾಣ ಬಹುಮಟ್ಟಿಗೆ ಇದೇ: ‘ಈ ಪ್ರಮಾಣಪತ್ರದಲ್ಲಿ ಏನು ಬರೆದಿದೆ ಎಂದು ನಿಮಗೆ ಗೊತ್ತೇ?’ ‘ಗೊತ್ತಿಲ್ಲ, ಸಹಿ ಹಾಕು ಎಂದರು, ಹಾಕಿದೆ’ ಎಂದು ಉತ್ತರ ಬಂದರೆ ಆ ಸಾಕ್ಷಿಯ ಕೆಲಸ ಅಲ್ಲಿಗೆ ಮುಗಿಯಿತು.

ಆದ್ದರಿಂದ ಸಾಕ್ಷಿಯನ್ನು ವಕೀಲರ ಕಚೇರಿಗೆ ವಾಯಿದೆಯ ದಿನ ಬೆಳಿಗ್ಗೆ ಕರೆದುಕೊಂಡು ಹೋಗಬೇಡಿ, ಹತ್ತು ದಿನ ಮೊದಲೇ ಹೋಗಿ. ಸಾಕ್ಷಿ ತನಗೆ ಗೊತ್ತಿರುವುದನ್ನು ತನ್ನ ಮಾತಿನಲ್ಲಿ ಮೊದಲು ಹೇಳಲಿ, ವಕೀಲರು ಆಮೇಲೆ ಬರೆಸಲಿ. ಬರೆಸಿದ್ದನ್ನು ಕನ್ನಡದಲ್ಲಿ ನಿಧಾನವಾಗಿ ಓದಿಸಿ ಕೇಳಿಸಿಕೊಳ್ಳಿ. ‘ಇದು ನನಗೆ ಗೊತ್ತಿಲ್ಲ, ತೆಗೆದುಹಾಕಿ’ ಎನ್ನಲು ಸಂಕೋಚ ಬೇಡ. ಹನ್ನೆರಡು ವರ್ಷ ಕಂಡವರು ಹನ್ನೆರಡು ವರ್ಷ ಎಂದೇ ಬರೆಸಲಿ. ಉಳಿದ ವರ್ಷಗಳಿಗೆ ಬೇರೊಬ್ಬ ಬಲ್ಲವರು ಸಿಕ್ಕಾರು. ಒಂದೊಂದು ಕಾಲವನ್ನು ಬಲ್ಲ ಇಬ್ಬರು ಪ್ರಾಮಾಣಿಕರು ಎಲ್ಲ ಕಾಲವನ್ನೂ ಬಲ್ಲೆನೆನ್ನುವ ಮೂವರಿಗಿಂತ ಮೇಲು.

ಸಿದ್ಧಪಡಿಸುವುದು ಬೇರೆ, ಕಲಿಸಿಕೊಡುವುದು ಬೇರೆ

ಬೀಜೋಪಚಾರ ಮಾಡುವುದರಿಂದ ಜೋಳ ಗೋಧಿಯಾಗುವುದಿಲ್ಲ. ಇರುವ ಬೀಜ ಕೆಡದಂತೆ ಮೊಳೆಯುತ್ತದೆ. ಸಾಕ್ಷಿಯ ಸಿದ್ಧತೆಯೂ ಹಾಗೆಯೇ. ಇರುವ ನೆನಪನ್ನು ಹಸನು ಮಾಡುವುದು ನ್ಯಾಯ, ಇಲ್ಲದ ನೆನಪನ್ನು ಬಿತ್ತುವುದು ಅನ್ಯಾಯ. ಸಿದ್ಧತೆಗಾಗಿ ಧಾರಾಳವಾಗಿ ಮಾಡಬಹುದಾದ ಕೆಲಸಗಳು ಇವು:

1. ಸಾಕ್ಷಿಯೊಡನೆ ಒಮ್ಮೆ ಹೊಲ ಸುತ್ತಿ ಬನ್ನಿ. ನಾಲ್ಕು ದಿಕ್ಕಿನ ಚಕ್ಕುಬಂದಿ, ಬಾಂದು ಕಲ್ಲು, ಬಾವಿ, ಮರ, ಕಾಲುವೆ ಎಲ್ಲಿವೆ ಎಂದು ಅವರೇ ತೋರಿಸಲಿ. ‘ಪೂರ್ವಕ್ಕೆ ಯಾರ ಜಮೀನು?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಸರ್ವೇ ನಂಬರು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ‘ನಂಬರು ನೆನಪಿಲ್ಲ, ಹೊಲ ಗೊತ್ತು’ ಎಂಬುದು ಗೌರವದ ಉತ್ತರವೇ.

2. ಕಾಗದಪತ್ರಗಳೊಡನೆ ಮಾತನ್ನು ಹೊಂದಿಸಿ ನೋಡಿ. ಕ್ರಯಪತ್ರ, ಪಾಲುಪಟ್ಟಿ, ಮ್ಯುಟೇಶನ್, ಪಹಣಿ, ಕಂದಾಯ ರಸೀದಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ ಪಹಣಿಯ ನಮೂದು, ತಪ್ಪೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸಲ್ಪಡುತ್ತದೆ. ಪಹಣಿಯ ಬೆಳೆ ಕಲಮಿನಲ್ಲಿ ರಾಗಿ ಎಂದಿದ್ದು, ಸಾಕ್ಷಿ ಆ ವರ್ಷ ಕಬ್ಬು ಎಂದರೆ ಸಂಶಯ ಬರುತ್ತದೆ. ವ್ಯತ್ಯಾಸಕ್ಕೆ ಕಾರಣವಿದ್ದರೆ ಅದನ್ನು ಮೊದಲೇ ವಕೀಲರಿಗೆ ತಿಳಿಸಿ. ನೋಂದಾಯಿತ ಪತ್ರದ ಷರತ್ತುಗಳನ್ನು ಬಾಯಿಮಾತಿನ ಸಾಕ್ಷ್ಯದಿಂದ ತಿರುಚಲು ಸಾಮಾನ್ಯವಾಗಿ ಬಾರದೆಂಬುದೂ ನೆನಪಿರಲಿ.

3. ಹಿಂದೆ ಕೊಟ್ಟ ಹೇಳಿಕೆಗಳನ್ನು ಹುಡುಕಿ ತೆಗೆಯಿರಿ. ತಹಸೀಲ್ದಾರರಿಗೆ ಕೊಟ್ಟ ಅರ್ಜಿ, ಪೊಲೀಸ್ ಠಾಣೆಯ ದೂರು, ಪಂಚಾಯಿತಿಯಲ್ಲಿ ಬರೆದುಕೊಟ್ಟ ಮುಚ್ಚಳಿಕೆ, ಇವೆಲ್ಲ ಎದುರು ವಕೀಲರ ಕೈಗೆ ಸಿಕ್ಕಿರುತ್ತವೆ. ಸಾಕ್ಷಿಯ ಹಿಂದಿನ ಬರಹವನ್ನು ತೋರಿಸಿ ಈಗಿನ ಮಾತನ್ನು ಪ್ರಶ್ನಿಸಲು ಕಾನೂನಿನಲ್ಲಿ ಅವಕಾಶವಿದೆ.

4. ಇಸವಿ ನೆನಪಿಲ್ಲದವರಿಗೆ ಇಸವಿ ಕಲಿಸಬೇಡಿ. ಹಳ್ಳಿಯ ನೆನಪಿಗೆ ಅದರದೇ ಪಂಚಾಂಗ ಉಂಟು. ‘ಕೆರೆ ಕೋಡಿ ಬಿದ್ದ ವರ್ಷ’, ‘ಹಿರಿಮಗಳ ಮದುವೆಯಾದ ಮರುವರ್ಷ’, ‘ರೋಹಿಣಿ ಮಳೆಗೆ ಮುಂಚೆ’ ಎಂದು ಹೇಳಲಿ. ಅದು ಬಾಯಿಪಾಠದ ತಾರೀಖಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

5. ಲೆಕ್ಕದ ಪುಸ್ತಕ ಬರೆಯುವ ಅಭ್ಯಾಸವಿದ್ದರೆ ಒಳ್ಳೆಯದು. ಆಯಾ ಕಾಲದಲ್ಲೇ ತಾನು ಬರೆದಿಟ್ಟುದನ್ನು ನೋಡಿ ನೆನಪು ಮಾಡಿಕೊಳ್ಳಲು ನ್ಯಾಯಾಲಯ ಬಿಡುತ್ತದೆ. ಎದುರು ಪಕ್ಷದವರೂ ಅದನ್ನು ನೋಡಿ ಪ್ರಶ್ನಿಸಬಹುದು. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಹಾಜರುಪಡಿಸಲು ಕಾನೂನಿನಂತೆ ಒಂದು ಪ್ರಮಾಣೀಕರಣ ಬೇಕಾಗುತ್ತದೆ. ಆದ್ದರಿಂದ ಮೂಲ ಚಿತ್ರವನ್ನು ಅಳಿಸದೆ ಇಟ್ಟು ವಕೀಲರನ್ನು ವಿಚಾರಿಸಿ.

ದಾರಿ, ಬದು, ಒತ್ತುವರಿ ಮೊದಲಾದ ವಿಷಯದಲ್ಲಿ ಅಳತೆಯ ಪ್ರಶ್ನೆಯನ್ನು ಸಾಕ್ಷಿಯ ತಲೆಯ ಮೇಲೆ ಹೊರಿಸಬೇಡಿ. ಸ್ಥಳ ತನಿಖೆಗೆ ಕಮಿಷನರನ್ನು ನೇಮಿಸಬೇಕೆಂದು ನ್ಯಾಯಾಲಯವನ್ನು ಕೇಳಬಹುದು. ಸರ್ವೇಯರ್ ಸರಪಳಿ ಹಿಡಿದು ಅಳೆದ ನಕ್ಷೆ ಬಂದರೆ, ಸಾಕ್ಷಿ ಬಳಕೆಯ ಮಾತಷ್ಟನ್ನು ಹೇಳಿದರೆ ಸಾಕು.

ಕಟಕಟೆಯಲ್ಲಿ ನಿಂತಾಗ

ಪಾಟೀಸವಾಲೆಂದರೆ ಬೈಗಳಲ್ಲ. ಸಾಕ್ಷಿಯನ್ನು ಪರೀಕ್ಷಿಸುವುದು ಎದುರು ವಕೀಲರ ಕರ್ತವ್ಯ. ನಮ್ಮ ವಕೀಲರು ಉತ್ತರವನ್ನು ಸೂಚಿಸುವಂತೆ ಪ್ರಶ್ನೆ ಕೇಳಲು ಸಾಮಾನ್ಯವಾಗಿ ಬಾರದು. ಎದುರು ವಕೀಲರು ಹಾಗೆ ಕೇಳಬಹುದು. ‘ಹೀಗೆಂದರೆ ಸರಿಯೇ?’ ಎಂಬ ರೂಪದಲ್ಲಿ ಒಂದರ ಮೇಲೊಂದು ಸೂಚನೆ ಬರುತ್ತದೆ. ಆಗ ಈ ಕೆಲವು ಮಾತುಗಳನ್ನು ನೆನಪಿಡಿ.

ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳಿ. ಅರ್ಥವಾಗದಿದ್ದರೆ ‘ಇನ್ನೊಮ್ಮೆ ಕೇಳಿ ಸ್ವಾಮಿ’ ಎನ್ನಿ. ಅದು ದಡ್ಡತನವಲ್ಲ.

‘ಹೂಂ’ ಎನ್ನುವ, ತಲೆ ಆಡಿಸುವ ಅಭ್ಯಾಸವನ್ನು ಆ ಅರ್ಧ ಗಂಟೆ ಬಿಟ್ಟುಬಿಡಿ. ‘ಸರಿ’ ಅಥವಾ ‘ಸರಿಯಲ್ಲ’ ಎಂದು ಬಾಯಿಬಿಟ್ಟು ಹೇಳಿ.

ಒಂದು ಪ್ರಶ್ನೆಯಲ್ಲಿ ಎರಡು ಸಂಗತಿ ಇದ್ದರೆ ಬಿಡಿಸಿ ಉತ್ತರಿಸಿ. ‘ಹೇಳಿ, ಒಪ್ಪಿಗೆ ಪಡೆದು ಹೋಗುತ್ತಿದ್ದರೇ?’ ಎಂದರೆ ‘ಹೇಳುತ್ತಿದ್ದದ್ದು ಸರಿ, ಒಪ್ಪಿಗೆ ಪಡೆಯುತ್ತಿದ್ದರೆಂಬುದು ಸರಿಯಲ್ಲ’ ಎನ್ನಬೇಕು. ಆ ಮೂರನೆಯ ಸಾಕ್ಷಿ ಇಷ್ಟು ಹೇಳಿದ್ದರೆ ಸಾಕಾಗಿತ್ತು.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’, ಮರೆತದ್ದಕ್ಕೆ ‘ನೆನಪಿಲ್ಲ’. ಇವು ಎರಡು ಬೇರೆ ಉತ್ತರಗಳು. ಊಹಿಸಿ ಹೇಳಬೇಡಿ. ಹಾಗೆಂದು ಗೊತ್ತಿರುವುದಕ್ಕೂ ‘ಗೊತ್ತಿಲ್ಲ’ ಎಂದು ಜಾರಿಕೊಳ್ಳುವುದೂ ಬೇಡ. ನ್ಯಾಯಾಧೀಶರ ಕಣ್ಣಿಗೆ ಅದು ಕಾಣುತ್ತದೆ.

ನಿಮ್ಮ ಕಡೆಗೆ ಅನನುಕೂಲವಾದ ಸತ್ಯವನ್ನೂ ಒಪ್ಪಿಕೊಳ್ಳಿ. ‘ವಾದಿ ನಿಮ್ಮ ನೆಂಟರೇ?’ ‘ಹೌದು.’ ‘ವಕೀಲರ ಹತ್ತಿರ ಮೊದಲೇ ಮಾತಾಡಿದ್ದೀರಾ?’ ‘ಹೌದು, ನನಗೆ ಗೊತ್ತಿದ್ದುದನ್ನು ಹೇಳಿದೆ.’ ‘ಬಸ್ ಚಾರ್ಜು ಕೊಟ್ಟವರು ಯಾರು?’ ‘ವಾದಿಯೇ ಕೊಟ್ಟರು.’ ಇವುಗಳಲ್ಲಿ ಯಾವುದೂ ತಪ್ಪಲ್ಲ. ಇವಕ್ಕೆ ಹೆದರಿ ‘ಇಲ್ಲ’ ಎಂದವರು ಸಣ್ಣ ಸುಳ್ಳಿನಲ್ಲಿ ಸಿಕ್ಕಿಬಿದ್ದು ದೊಡ್ಡ ನಿಜವನ್ನೂ ಕಳೆದುಕೊಳ್ಳುತ್ತಾರೆ.

ಸಿಟ್ಟು ಬೇಡ, ಭಾಷಣವೂ ಬೇಡ. ಕೇಳಿದ್ದಕ್ಕಷ್ಟೇ ಉತ್ತರ. ‘ನೀವು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ’ ಎಂದು ಕೊನೆಗೆ ವಕೀಲರು ಸೂಚಿಸುವುದು ಒಂದು ಪದ್ಧತಿ. ‘ಸರಿಯಲ್ಲ’ ಎಂದರೆ ಮುಗಿಯಿತು. ಅವಮಾನಿಸುವುದಕ್ಕೆಂದೇ ಕೇಳುವ ಪ್ರಶ್ನೆಗಳನ್ನು ತಡೆಯುವ ಅಧಿಕಾರ ನ್ಯಾಯಾಧೀಶರಿಗಿದೆ.

ಉತ್ತರ ಹೇಳುವಾಗ ನಿಮ್ಮವರ ಮುಖ ನೋಡಬೇಡಿ. ನ್ಯಾಯಾಧೀಶರ ಕಡೆ ನೋಡಿ, ಅವರಿಗೆ ಕೇಳುವಂತೆ, ಬರೆದುಕೊಳ್ಳುವವರಿಗೆ ಸಿಗುವಂತೆ ನಿಧಾನವಾಗಿ ಹೇಳಿ.

ಕೊನೆಯಲ್ಲಿ ಸಹಿಗೆ ಕಾಗದ ಕೊಟ್ಟಾಗ ಓದಿ ನೋಡಿ. ಓದಲು ಬಾರದವರು ಓದಿ ಹೇಳುವಂತೆ ಕೇಳಿಕೊಳ್ಳಿ. ಹೇಳಿದ್ದೊಂದು ಬರೆದದ್ದೊಂದು ಆಗಿದ್ದರೆ ಅಲ್ಲೇ, ಆಗಲೇ ನ್ಯಾಯಾಧೀಶರ ಗಮನಕ್ಕೆ ತನ್ನಿ. ಹೊರಗೆ ಬಂದು ಚಹದ ಅಂಗಡಿಯಲ್ಲಿ ಹೇಳಿದರೆ ಫಲವಿಲ್ಲ. ಸಾಕ್ಷಿಗೆ ತಿಳಿಯದ ಭಾಷೆಯಲ್ಲಿ ಬರೆದುಕೊಂಡಿದ್ದರೆ ಅದನ್ನು ಅವರ ಭಾಷೆಯಲ್ಲಿ ವಿವರಿಸಬೇಕೆಂಬ ನಿಯಮವೇ ಇದೆ.

ಉಯಿಲಿನ ಸಾಕ್ಷಿಗಳು

ಉಯಿಲಿನ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಅದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಲು, ಬದುಕಿದ್ದು ಸಾಕ್ಷಿ ಹೇಳಲು ಶಕ್ತರಾದವರು ಇದ್ದರೆ, ಅವರಲ್ಲಿ ಒಬ್ಬರನ್ನಾದರೂ ವಿಚಾರಿಸಲೇಬೇಕು. ನೋಂದಣಿಯಾದ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ. ಮೈಸೂರು ಕಡೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1958ರಲ್ಲಿ ಕೊಟ್ಟ ತೀರ್ಪು ಇಂದಿಗೂ ಈ ವಿಷಯದಲ್ಲಿ ದಾರಿದೀಪ. ಉಯಿಲಿನ ಸುತ್ತ ಸಂಶಯದ ಸಂಗತಿಗಳಿದ್ದರೆ ಅವನ್ನು ನಿವಾರಿಸುವ ಭಾರ ಉಯಿಲನ್ನು ಮುಂದಿಡುವವರದು. ಆದ್ದರಿಂದ ಉಯಿಲಿಗೆ ಸಾಕ್ಷಿ ಹಾಕಿಸುವಾಗ ನಿಮಗಿಂತ ಕಿರಿಯರಾದ, ಊರಿನಲ್ಲೇ ಇರುವ, ಮಾತಿಗೆ ತಪ್ಪದವರನ್ನು ಆರಿಸಿ. ದಾರಿಯಲ್ಲಿ ಹೋಗುವವರನ್ನು ಕರೆದು ಸಹಿ ಹಾಕಿಸಬೇಡಿ.

ಸುಳ್ಳು ಸಾಕ್ಷಿಯ ಸಾಲ

‘ನೆರೆಯವರಿಗಾಗಿ ಒಂದು ಮಾತು ಹೇಳಿದರೆ ಏನಾಯಿತು?’ ಎನ್ನುವವರಿದ್ದಾರೆ. ಪ್ರಮಾಣ ಮಾಡಿ ಬೇಕೆಂದೇ ಸುಳ್ಳು ಹೇಳುವುದು ಅಪರಾಧ. ನ್ಯಾಯಾಲಯದ ವಿಚಾರಣೆಯಲ್ಲಿ ಸುಳ್ಳು ಸಾಕ್ಷ್ಯ ನೀಡಿದರೆ ಭಾರತೀಯ ನ್ಯಾಯ ಸಂಹಿತೆ, 2023ರ 229ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಸೆರೆವಾಸ, ಹತ್ತು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸಹಿ ಹಾಕಿದ ಪ್ರಮಾಣಪತ್ರಕ್ಕೂ ಇದು ಅನ್ವಯಿಸುತ್ತದೆ. ಶಿಕ್ಷೆಯ ಮಾತು ಹಾಗಿರಲಿ. ಸುಳ್ಳು ಸಾಕ್ಷಿಯಿಂದ ಗೆದ್ದ ಬದುವಿನ ಎರಡೂ ಕಡೆ ನಾಳೆ ಉಳಬೇಕಾದವರು ನೀವೇ, ನಿಮ್ಮ ಮಕ್ಕಳೇ.

ವಕೀಲರನ್ನು ಇಟ್ಟುಕೊಳ್ಳಲು ಶಕ್ತಿಯಿಲ್ಲದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ ಉಚಿತ ನೆರವು ದೊರೆಯುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ಇಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. 15100 ಎಂಬ ದೂರವಾಣಿ ಸಹಾಯವಾಣಿಯೂ ಇದೆ.

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಮಾತೂ ನಮ್ಮಲ್ಲಿ ಬಳಕೆಯಲ್ಲಿದೆ. ದಾವೆ ನಡೆಯುವಾಗಲೂ ಲೋಕ ಅದಾಲತ್ತಿನಲ್ಲಿ ರಾಜಿಯ ಬಾಗಿಲು ತೆರೆದೇ ಇರುತ್ತದೆ. ಅಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದೆ ಬರುತ್ತದೆ, ಮೇಲ್ಮನವಿಯ ಅಲೆದಾಟವೂ ಇಲ್ಲ. ನಿಮ್ಮ ಕಡೆ ಗಟ್ಟಿ ಸಾಕ್ಷಿ ಇದ್ದರೆ ರಾಜಿಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ರಾಜಿಯಾಗದೆ ಸಾಕ್ಷಿ ಹೇಳಲೇಬೇಕಾಗಿ ಬಂದರೆ, ಊರಿನಲ್ಲಿ ಯಾರು ಚೆನ್ನಾಗಿ ಮಾತಾಡುತ್ತಾರೆ ಎಂದು ಹುಡುಕಬೇಡಿ. ಯಾರು ಆ ಗಾಡಿ ಹೊಡೆದರು ಎಂದು ಹುಡುಕಿ. ಅವರ ಜಗಲಿಯ ಮೇಲೆ ಕುಳಿತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳಿ. ಈ ಲೇಖನವನ್ನು ವಾಚನಾಲಯದಲ್ಲಿ ಓದಿದವರು, ಓದಲು ಬಾರದ ಅಂಥ ಹಿರಿಯರಿಗೆ ಒಮ್ಮೆ ಓದಿ ಹೇಳಿದರೆ ಉಪಕಾರವಾದೀತು.